ಬಾಟಲಿ ಹಾಲಿನ ಮರಿಗೆ ಹೊಟ್ಟೆ ಕೆಟ್ಟಾಗ

ಬೆಂಗಳೂರಿನ ಸುತ್ತ ತಾಯಿಯಿಲ್ಲದ ಮರಿಗಳು ಮನೆ ಸೇರುವುದು ಅಪರೂಪವೇನಲ್ಲ. ಹೊಸಕೋಟೆ, ದೇವನಹಳ್ಳಿ ಕಡೆಯ ಹೊಲಗಳಲ್ಲಿ ಮಂದೆ ನಿಲ್ಲಿಸುವ ಕುರಿಗಾಹಿಗಳು ನಡೆಯಲಾರದ ಎಳೆಯ ಮರಿಯನ್ನು ಪರಿಚಯದವರ ಮನೆಗೆ ಒಪ್ಪಿಸಿ ಮುಂದೆ ಸಾಗುತ್ತಾರೆ. ಮೂರು ಮರಿ ಹಾಕಿದ ಮೇಕೆ ಒಂದನ್ನು ಹತ್ತಿರ ಸೇರಿಸದೆ ಒದೆಯುತ್ತದೆ. ಆನೇಕಲ್ಲಿನಲ್ಲೋ ನೆಲಮಂಗಲದಲ್ಲೋ ನಾಲ್ಕು ಮೇಕೆ ಕಟ್ಟಿಕೊಂಡವರ ಮನೆಯಲ್ಲಿ ಹೆರಿಗೆಯ ಹೊತ್ತಿಗೆ ತಾಯಿ ಸತ್ತುಹೋಗುತ್ತದೆ. ಮನೆಯವರು ಮಗುವಿನ ಹಾಲಿನ ಬಾಟಲಿಯೊಂದನ್ನು ತಂದು ಪ್ರೀತಿಯಿಂದ ಸಾಕಲು ಶುರು ಮಾಡುತ್ತಾರೆ. ಮೂರನೆಯ ದಿನವೋ ಹತ್ತನೆಯ ದಿನವೋ ಭೇದಿ ಹತ್ತಿಕೊಳ್ಳುತ್ತದೆ.

ಆಗ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ, ಯಾವ ಔಷಧಿ ಹಾಕಬೇಕು ಎಂಬುದು. ಎಷ್ಟು ಕುಡಿಸಿದ್ದೇವೆ, ಹೇಗೆ ಕುಡಿಸಿದ್ದೇವೆ ಎಂದು ಕೇಳಿಕೊಳ್ಳುವವರು ಕಡಿಮೆ. ಬಾಟಲಿ ಮರಿಗಳ ಹೊಟ್ಟೆಯ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಕುಡಿಸುವವರ ಕೈಯಲ್ಲಿಯೇ. ಹಾಲು ಕಡಿಮೆಯಾದರೆ ಮರಿ ಕೂಗುತ್ತದೆ. ಹೆಚ್ಚಾದರೆ ಕೂಗುವುದಿಲ್ಲ, ಮುದುಡಿ ಮಲಗುತ್ತದೆ. ಕೂಗು ಕೇಳಲಾರದೆ ಇನ್ನರ್ಧ ಬಾಟಲಿ ಕೊಡುವ ಕರುಣೆಯೇ ಎಷ್ಟೋ ಮರಿಗಳಿಗೆ ಮುಳುವಾಗುತ್ತದೆ.

ಇಲ್ಲಿ ಹೇಳಿರುವುದೆಲ್ಲ ಮೇಕೆ ಮತ್ತು ಕುರಿಮರಿಗಳಿಗೆ. ಜಿಂಕೆ ಮರಿಯ ವಿಷಯ ಬೇರೆ, ಅದು ಕೊನೆಯಲ್ಲಿದೆ.

ಹಾಲು ಯಾವ ಹೊಟ್ಟೆಗೆ ಹೋಗುತ್ತದೆ

ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಬೆಳೆದ ಮೇಕೆಯಲ್ಲಿ ಮೇವು ಹುದುಗುವ ಮೊದಲ ಕೋಣೆಯೇ ಎಲ್ಲಕ್ಕಿಂತ ದೊಡ್ಡದು. ಹುಟ್ಟಿದ ಮರಿಯಲ್ಲಿ ಅದು ಇನ್ನೂ ನಿದ್ದೆಯಲ್ಲಿರುತ್ತದೆ. ಕೆಲಸ ಮಾಡುವುದು ನಾಲ್ಕನೆಯ ಕೋಣೆ ಮಾತ್ರ, ಅಂದರೆ ನಮ್ಮ ಜಠರದಂತೆ ಆಮ್ಲವಿರುವ ಹೊಟ್ಟೆ. ಮರಿ ಕತ್ತು ಚಾಚಿ ಚೀಪಿದಾಗ ಅನ್ನನಾಳದ ಕೊನೆಯಲ್ಲಿರುವ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು, ಹಾಲನ್ನು ಮೊದಲ ಕೋಣೆಗೆ ಬೀಳಿಸದೆ ನೇರ ನಾಲ್ಕನೆಯದಕ್ಕೆ ತಲುಪಿಸುತ್ತದೆ. ಅಲ್ಲಿ ಹಾಲು ಗಟ್ಟಿಯಾಗಿ ಒಡೆದು ನಿಧಾನವಾಗಿ ಜೀರ್ಣವಾಗುತ್ತದೆ.

ಈ ಮಡಿಕೆ ಮುಚ್ಚಿಕೊಳ್ಳುವುದು ಚೀಪುವುದರಿಂದ. ಚಮಚದಲ್ಲಿ ಹೊಯ್ದರೆ, ಗೊಟ್ಟದಲ್ಲಿ ಸುರಿದರೆ, ಬಾಯಿ ಅಗಲಿಸಿ ಸಿರಿಂಜಿನಲ್ಲಿ ತಳ್ಳಿದರೆ ಅದು ಸರಿಯಾಗಿ ಮುಚ್ಚುವುದಿಲ್ಲ. ಹಾಲು ಮೊದಲ ಕೋಣೆಗೆ ಬಿದ್ದು ಅಲ್ಲೇ ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಶ್ವಾಸಕೋಶಕ್ಕೆ ಇಳಿಯುವುದು. ಆದ್ದರಿಂದ ಚೀಪಲಾರದ ಮರಿಗೆ ಬಾಯಿಯಿಂದ ಏನನ್ನೂ ಸುರಿಯಬೇಡಿ. ಅಂಥ ಮರಿಗೆ ಹೊಟ್ಟೆಗೆ ನಳಿಕೆ ಇಳಿಸಿ ಕೊಡಬೇಕು, ಇಲ್ಲವೇ ಡ್ರಿಪ್ ಹಾಕಬೇಕು. ಎರಡೂ ಪಶು ವೈದ್ಯರ ಕೆಲಸ.

ಕುಡಿಸುವಾಗ ಮರಿ ನಾಲ್ಕು ಕಾಲಿನ ಮೇಲೆ ನಿಂತಿರಲಿ. ಬಾಟಲಿ ಇರಬೇಕಾದದ್ದು ತಾಯಿಯ ಕೆಚ್ಚಲಿನ ಎತ್ತರದಲ್ಲಿ, ಮರಿಯ ಮೂತಿ ತುಸು ಮೇಲಕ್ಕೆ ಚಾಚುವಂತೆ. ತೊಡೆಯ ಮೇಲೆ ಅಂಗಾತ ಮಲಗಿಸಿ ಮಗುವಿನಂತೆ ಕುಡಿಸುವ ಫೋಟೋಗಳು ನೋಡಲು ಮುದ್ದಾಗಿರುತ್ತವೆ. ಮರಿಯ ಶ್ವಾಸಕೋಶಕ್ಕೆ ಅದಕ್ಕಿಂತ ಕೆಟ್ಟ ಭಂಗಿ ಮತ್ತೊಂದಿಲ್ಲ.

ಮೊದಲ ದಿನದ ಗಿಣ್ಣದ ಹಾಲು

ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದೆಲ್ಲ ಬರಬೇಕಾದದ್ದು ಗಿಣ್ಣದ ಹಾಲಿನಿಂದ. ಕರುಳು ಅದನ್ನು ಹಾಗೆಯೇ ರಕ್ತಕ್ಕೆ ಸೇರಿಸಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ; 24 ಗಂಟೆ ಕಳೆದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ. ಮರಿಯ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣದ ಹಾಲು ಮೊದಲ ದಿನ ಹೊಟ್ಟೆ ಸೇರಬೇಕು. 2 ಕಿಲೋ ಮರಿಗೆ ಅದು 200 ಮಿಲಿ, ನಾಲ್ಕಾರು ಬಾರಿಗೆ ಹಂಚಿ. ಮೊದಲ ಕಂತು ಹುಟ್ಟಿದ ಒಂದೆರಡು ಗಂಟೆಯೊಳಗೆ.

ತಾಯಿ ಸತ್ತಿದ್ದರೆ ಅದೇ ದಿನ ಈದ ಬೇರೆ ಮೇಕೆಯದು ಒಳ್ಳೆಯದು. ಸಿಗದಿದ್ದರೆ ಹಸುವಿನದೂ ಆಗುತ್ತದೆ. ಅಕ್ಕಪಕ್ಕದಲ್ಲಿ ಹಸು ಈದ ಮನೆಯಿದ್ದರೆ ಗಿಣ್ಣು ಮಾಡಲು ಇಟ್ಟುಕೊಂಡ ಹಾಲಿನಲ್ಲಿ ಒಂದು ಲೋಟ ಕೇಳಿ ತನ್ನಿ, ಯಾರೂ ಇಲ್ಲವೆನ್ನುವುದಿಲ್ಲ. ಅದನ್ನು ಒಲೆಯ ಮೇಲೆ ಇಡಬೇಡಿ. ಕಾದರೆ ಅದು ಗಟ್ಟಿಯಾಗುತ್ತದೆ. ಬೆಲ್ಲ ಏಲಕ್ಕಿ ಹಾಕಿ ನಾವು ತಿನ್ನಬಹುದು, ಮರಿಗೆ ಬೇಕಾದ ರಕ್ಷಕ ಅಂಶ ಮಾತ್ರ ಹಾಳಾಗಿರುತ್ತದೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಉಗುರುಬೆಚ್ಚಗೆ ಮಾಡಿ ಕುಡಿಸಿ.

ಮರಿ ಎರಡು ಮೂರು ದಿನದ್ದಾದ ಮೇಲೆ ನಿಮ್ಮ ಕೈಗೆ ಬಂದಿದ್ದರೆ, ಗಿಣ್ಣದ ಹಾಲು ಕುಡಿದಿತ್ತೇ ಎಂದು ಕೊಟ್ಟವರನ್ನು ಕೇಳಿ. ಕುಡಿದಿಲ್ಲವೆಂದರೆ ಆ ಮರಿಯನ್ನು ಮಂದೆಯ ಬಳಿ ಬಿಡಬೇಡಿ, ಸಣ್ಣ ಭೇದಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಯಾವ ಹಾಲು, ಎಷ್ಟು ಹಾಲು

ಮೇಕೆ ಹಾಲು ಸಿಕ್ಕರೆ ಬೇರೆ ಯೋಚನೆ ಬೇಡ. ಇಲ್ಲದಿದ್ದರೆ ಹಸುವಿನ ಗಟ್ಟಿ ಹಾಲು ಕಾಯಿಸಿ ಆರಿಸಿ ಕೊಡಬಹುದು. ಪೊಟ್ಟಣದ ಹಾಲೇ ಗತಿಯೆಂದರೆ ಕೊಬ್ಬಿನ ಪ್ರಮಾಣ ನೋಡಿ ಕೊಳ್ಳಿ. ನಂದಿನಿಯ ನೀಲಿ ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಶೇಕಡ, ಶುಭಂನಲ್ಲಿ 4.5, ಸಮೃದ್ಧಿಯಲ್ಲಿ 6. ಮೇಕೆಯ ಹಾಲಿನ ಕೊಬ್ಬು ಸಾಮಾನ್ಯವಾಗಿ 4 ಶೇಕಡದ ಆಸುಪಾಸು, ಕುರಿಯದು 6ರಿಂದ 7. ಹಾಗಾಗಿ ಮೇಕೆ ಮರಿಗೆ ಶುಭಂ ಹೊಂದುತ್ತದೆ. ಕುರಿಮರಿಗೆ ಸಮೃದ್ಧಿ ಹತ್ತಿರ. ಮಗುವಿನ ಹಾಲಿನ ಪುಡಿ ಬೇಡ. ಸಕ್ಕರೆ, ಬೆಲ್ಲ, ಹಾರ್ಲಿಕ್ಸ್ ಯಾವುದೂ ಬೇಡ.

‘ಗಟ್ಟಿ ಹಾಲು ಎಳೆ ಮರಿಗೆ ಅರಗುವುದಿಲ್ಲ, ಅರ್ಧ ನೀರು ಬೆರೆಸಿ’ ಎಂದು ಹೇಳುವ ಹಿರಿಯರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಕೇಳಿಸಿಕೊಂಡು ಸುಮ್ಮನಿರಿ. ನೀರು ಬೆರೆಸಿದ ಹಾಲು ಹೊಟ್ಟೆಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅರೆಬರೆ ಜೀರ್ಣವಾಗಿ ಕರುಳಿಗೆ ಓಡುತ್ತದೆ. ಹೊಟ್ಟೆ ತುಂಬಿದಂತೆ ಕಂಡರೂ ಮರಿ ಒಣಗುತ್ತಾ ಹೋಗುತ್ತದೆ.

ಪ್ರಮಾಣ ತಿಳಿಯಲು ತೂಕ ಬೇಕು. ಮರಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರಿಗೈಯಲ್ಲಿ ನಿಂತು ಕಳೆದರೆ ಒಂದು ಅಂದಾಜು ಸಿಗುತ್ತದೆ. ಎಳೆಯ ಮರಿಯನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ ಕೊಕ್ಕೆಯ ತಕ್ಕಡಿಗೆ ತೂಗುಹಾಕಿದರೆ ಇನ್ನೂ ನಿಖರ. ದಿನಕ್ಕೆ ತೂಕದ 15ರಿಂದ 20 ಶೇಕಡ ಹಾಲು ಸಾಕು. 2 ಕಿಲೋ ಮರಿಗೆ ಇಡೀ ದಿನಕ್ಕೆ 300ರಿಂದ 400 ಮಿಲಿ ಅಷ್ಟೇ. ಮೊದಲ ವಾರ ಅದನ್ನು ನಾಲ್ಕೈದು ಬಾರಿಗೆ ಹಂಚಿ; ಒಂದು ಸಲಕ್ಕೆ 70ರಿಂದ 90 ಮಿಲಿ. ಮೂರನೆಯ ವಾರದ ಹೊತ್ತಿಗೆ ಮೂರು ಹೊತ್ತಿಗೆ ಇಳಿಸಬಹುದು. ಕುಡಿದಾದ ಮೇಲೆ ಎಡ ಬಲ ಪಕ್ಕೆಗಳು ನೇರವಾಗಿರಬೇಕು. ಡೊಳ್ಳಿನಂತೆ ಹೊರಗೆ ಬಂದಿದ್ದರೆ ಮುಂದಿನ ಸಲ ಕಡಿಮೆ ಮಾಡಿ.

ಹೊತ್ತು ತಪ್ಪಿಸುವುದೂ ಹೊಟ್ಟೆ ಕೆಡಿಸುತ್ತದೆ. ಕಚೇರಿಗೆ ಹೋಗುವವರ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಕೊಟ್ಟು, ಟ್ರಾಫಿಕ್ಕಿನಲ್ಲಿ ಸಿಕ್ಕಿ ರಾತ್ರಿ ಒಂಬತ್ತಕ್ಕೆ ಬಂದು, ಪಾಪ ಹಸಿದಿದೆಯೆಂದು ಎರಡು ಹೊತ್ತಿನದನ್ನು ಒಟ್ಟಿಗೆ ಕುಡಿಸಿಬಿಡುತ್ತಾರೆ. ಉಬ್ಬರ ಬರುವುದು ಇಂಥ ರಾತ್ರಿಗಳಲ್ಲಿ. ಮಧ್ಯಾಹ್ನ ಕೊಡಲು ಮನೆಯಲ್ಲಿ ಯಾರೂ ಇಲ್ಲವೆಂದರೆ ಮರಿಯನ್ನು ತೆಗೆದುಕೊಳ್ಳದಿರುವುದೇ ಮೇಲು. ಹಾಲಿನ ಬಗೆ ಬದಲಿಸುವುದಿದ್ದರೂ ಒಮ್ಮೆಲೇ ಬೇಡ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಮೂರು ನಾಲ್ಕು ದಿನ ತೆಗೆದುಕೊಳ್ಳಿ.

ಬಾಟಲಿ, ನಿಪ್ಪಲ್, ಬಿಸಿ

ಹಾಲು 38ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಲಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಂಡರೆ ಬೆಚ್ಚಗೆನ್ನಿಸಬೇಕು, ಸುಡಬಾರದು. ಬಾಟಲಿಯನ್ನು ತಲೆಕೆಳಗಾಗಿ ಹಿಡಿದಾಗ ಹಾಲು ಹನಿಹನಿಯಾಗಿ ಬೀಳಬೇಕು. ಧಾರೆಯಾಗಿ ಸುರಿದರೆ ತೂತು ದೊಡ್ಡದಾಗಿದೆ. ಮರಿಗೆ ಚೀಪುವ ಕೆಲಸವೇ ಇಲ್ಲದೆ ಹಾಲು ನುಗ್ಗುತ್ತದೆ. ನಿಧಾನವಾಗಿ ಕುಡಿಯುತ್ತದೆಂದು ಕತ್ತರಿಯಲ್ಲಿ ನಿಪ್ಪಲ್ಲಿನ ತುದಿ ಕತ್ತರಿಸುವವರಿದ್ದಾರೆ. ನಿಧಾನವೇ ಇಲ್ಲಿ ಬೇಕಾದದ್ದು.

ಕುಡಿಸಿದ ಕೂಡಲೇ ಬಾಟಲಿಯನ್ನು ಮೊದಲು ತಣ್ಣೀರಿನಲ್ಲಿ ಜಾಲಾಡಿಸಿ, ಆಮೇಲೆ ಸೋಪು ಮತ್ತು ಬಿಸಿನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಗೋಡೆಗೆ ಅಂಟಿ ಕೂರುತ್ತದೆ. ನಿಪ್ಪಲ್ಲನ್ನು ಒಳಮಗ್ಗುಲು ಹೊರಕ್ಕೆ ತಿರುಗಿಸಿ ನೋಡಿ. ಕತ್ತಿನ ಮಡಿಕೆಯಲ್ಲಿ ಹಳದಿ ಬಣ್ಣದ ಜಿಡ್ಡು, ಮೂಸಿದರೆ ಹುಳಿ ವಾಸನೆ. ವಾಸಿಯಾಗದ ಎಷ್ಟೋ ಭೇದಿಗಳ ಮೂಲ ಆ ಕಾಲಿಂಚು ಜಾಗದಲ್ಲಿ ಇರುತ್ತದೆ. ಉಳಿದ ಹಾಲನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ.

ಹಿಕ್ಕೆ ನೋಡಿ ತಿಳಿಯುವುದು

ಮೊದಲ ದಿನ ಕಪ್ಪಗೆ, ಟಾರಿನಂತೆ ಅಂಟಂಟಾಗಿ ಬರುತ್ತದೆ. ಆಮೇಲೆ ಹಾಲು ಮಾತ್ರ ಕುಡಿಯುವಷ್ಟು ದಿನ ಹಳದಿ ಬಣ್ಣದ ಮೆತ್ತನೆಯ ಮಲ. ಇದನ್ನು ಭೇದಿಯೆಂದು ಹೆದರಿ ಔಷಧಿ ಹಾಕುವವರೇ ಹೆಚ್ಚು. ಸೊಪ್ಪು ಕಡಿಯಲು ಶುರು ಮಾಡಿದ ಮೇಲೆ ಎರಡು ಮೂರು ವಾರಗಳಲ್ಲಿ ಉಂಡೆ ಹಿಕ್ಕೆ ಕಾಣಿಸಿಕೊಳ್ಳುತ್ತದೆ.

ಬಿಳಿಚಿಕೊಂಡ, ಮೊಸರಿನಂತಹ ಸಡಿಲ ಮಲ ಬಂದರೂ ಮರಿ ಕುಣಿದಾಡುತ್ತಿದೆ, ಬಾಟಲಿಗೆ ಓಡಿ ಬರುತ್ತದೆ ಎಂದರೆ ಹಾಲು ಹೆಚ್ಚಾಗಿದೆ. ಕಂತು ಕಡಿಮೆ ಮಾಡಿದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಮೊದಲ ವಾರದಲ್ಲೇ ನೀರಿನಂತೆ ಹಳದಿಯಾಗಿ ಚಿಮ್ಮಿ ಬರುವ ಭೇದಿ ಸೋಂಕಿನದು, ಇ. ಕೋಲಿ ಬ್ಯಾಕ್ಟೀರಿಯಾ ಇದ್ದರೆ ಮರಿ ಒಂದು ದಿನದಲ್ಲಿ ಬತ್ತಿಹೋಗಬಹುದು. ಒಂದು ತಿಂಗಳ ಆಸುಪಾಸಿನ ಮರಿ ಕಪ್ಪಾಗಿ, ಲೋಳೆ ಅಥವಾ ರಕ್ತ ಬೆರೆತ ಮಲ ಹಾಕುತ್ತಾ, ಬಾಲ ಎತ್ತಿ ತಿಣುಕುತ್ತಾ ನಿಂತರೆ ಕಾಕ್ಸಿಡಿಯಾ ಎಂಬ ಪರಾವಲಂಬಿಯನ್ನು ಮೊದಲು ಅನುಮಾನಿಸಬೇಕು. ಮೂರು ವಾರದೊಳಗಿನ ಮರಿಯಲ್ಲಿ ಇದು ಕಡಿಮೆ, ಏಕೆಂದರೆ ಒಳಗೆ ಸೇರಿದ ಮೇಲೆ ಅದಕ್ಕೆ ಬೆಳೆಯಲು ಸಮಯ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಯಲ್ಲಿ ನೆಲ ಒಣಗದ ಕೊಟ್ಟಿಗೆಗಳಲ್ಲಿ ಇದರ ಕಾಟ ಜಾಸ್ತಿ. ನೆಲಕ್ಕೆ ರಾಗಿ ಹುಲ್ಲು ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆದುಬಿಡಿ.

ಚೆನ್ನಾಗಿ ಮೈತುಂಬಿಕೊಂಡಿದ್ದ ಮರಿ, ಗುಂಪಿನಲ್ಲೇ ಗಟ್ಟಿಯಾದದ್ದು, ಹಿಂದಿನ ದಿನ ಹೊಟ್ಟೆ ಬಿರಿಯೆ ಕುಡಿದು ಬೆಳಿಗ್ಗೆ ಸತ್ತುಬಿದ್ದಿದ್ದರೆ ಅದು ಕರುಳು ಬೇನೆ ಇರಬಹುದು. ಕರುಳಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾ, ಹೊಟ್ಟೆಗೆ ಅತಿಯಾಗಿ ಬಿದ್ದ ಹಾಲನ್ನೋ ಕಾಳನ್ನೋ ತಿಂದು ವಿಷ ಉಗುಳುತ್ತದೆ. ಚಿಕಿತ್ಸೆಗೆ ಹೊತ್ತೇ ಸಿಗುವುದಿಲ್ಲ. ಲಸಿಕೆ ಇದೆ, ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲೇ ಲಸಿಕೆಗಳು ತಯಾರಾಗುತ್ತವೆ. ತಾಯಿಗೆ ಲಸಿಕೆ ಆಗಿತ್ತೇ ಎಂಬುದರ ಮೇಲೆ ಮರಿಗೆ ಯಾವ ವಯಸ್ಸಿನಲ್ಲಿ ಹಾಕಿಸಬೇಕೆಂಬುದು ನಿಂತಿದೆ. ತಾಯಿಯ ವಿಷಯ ಗೊತ್ತಿಲ್ಲದಿದ್ದರೆ ಅದನ್ನೇ ವೈದ್ಯರಿಗೆ ಹೇಳಿ.

ಭೇದಿ ಶುರುವಾಯಿತು, ಈಗ ಏನು ಮಾಡಬೇಕು

ಮೊದಲು ಥರ್ಮಾಮೀಟರ್ ತೆಗೆದುಕೊಳ್ಳಿ. ಔಷಧಿ ಅಂಗಡಿಯ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಎಣ್ಣೆ ಸವರಿ ಗುದದೊಳಗೆ ಮೆಲ್ಲನೆ ಇಟ್ಟು ನೋಡಿ. ಮರಿಯ ಮೈ ಬಿಸಿ ಸಹಜವಾಗಿಯೇ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಜ್ವರ, ಅದರ ಲೆಕ್ಕದಲ್ಲಿ ಆರೋಗ್ಯ. 104 ದಾಟಿದರೆ ಸೋಂಕು ಇರಬಹುದು. 100ಕ್ಕಿಂತ ಕೆಳಗೆ ಇಳಿದಿದ್ದರೆ ಇನ್ನೂ ಅಪಾಯ: ಮರಿ ತಣ್ಣಗಾಗುತ್ತಿದೆ. ತಣ್ಣಗಾದ ಮರಿಗೆ ಹಾಲು ಕೊಡಬಾರದು, ಹೊಟ್ಟೆ ಅದನ್ನು ಮುಂದೆ ತಳ್ಳುವುದಿಲ್ಲ. ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಪಕ್ಕಕ್ಕೆ ಇಟ್ಟು, ಗೋಣಿಚೀಲ ಹೊದಿಸಿ, ಮೈ ಬಿಸಿ ಏರಿದ ಮೇಲೆ ಮುಂದಿನ ಮಾತು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಟೆರೇಸಿನ ಶೆಡ್ಡಿನಲ್ಲಿ ಮಲಗಿಸಿದ ಮರಿಗಳಿಗೆ ಇದು ಸಾಮಾನ್ಯ.

ಆಮೇಲೆ ಮೈಯಲ್ಲಿ ನೀರು ಎಷ್ಟು ಬತ್ತಿದೆಯೆಂದು ನೋಡಿ. ಕುತ್ತಿಗೆಯ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎಳೆದು ಬಿಡಿ. ಆರೋಗ್ಯವಂತ ಮರಿಯಲ್ಲಿ ಅದು ಥಟ್ಟನೆ ಹಿಂದಕ್ಕೆ ಹೋಗುತ್ತದೆ. ಎರಡು ಮೂರು ಸೆಕೆಂಡು ಮಡಿಕೆಯಾಗಿಯೇ ನಿಂತರೆ ನೀರು ಕಡಿಮೆಯಾಗಿದೆ. ಕಣ್ಣು ಗುಳಿಬಿದ್ದು, ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಸಂದು ಕಾಣಿಸುತ್ತಿದ್ದರೆ ಸ್ಥಿತಿ ಗಂಭೀರ. ಕೊನೆಯದಾಗಿ ಬೆರಳನ್ನು ಬಾಯೊಳಗೆ ಇಡಿ. ಬಾಯಿ ಬೆಚ್ಚಗಿದ್ದು ಬೆರಳು ಚೀಪಿದರೆ ಮನೆಯಲ್ಲಿ ನೋಡಿಕೊಳ್ಳಬಹುದು. ಬಾಯಿ ತಣ್ಣಗಿದ್ದು ಚೀಪದಿದ್ದರೆ ಇಲ್ಲಿಂದ ಮುಂದಿನ ಸಾಲುಗಳನ್ನು ಬಿಟ್ಟು ಆಸ್ಪತ್ರೆಗೆ ಹೊರಡಿ.

ಚೀಪುವ ಮರಿಗೆ ಒಂದು ಹೊತ್ತಿನ, ಹೆಚ್ಚೆಂದರೆ ಎರಡು ಹೊತ್ತಿನ ಹಾಲು ನಿಲ್ಲಿಸಿ, ಬದಲಿಗೆ ಓಆರ್‌ಎಸ್ ನೀರು ಕೊಡಿ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದು ಬರೆದಿದ್ದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಕಲಸಬೇಕು. 200 ಮಿಲಿಯ ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಓದಿ ನೋಡಿ. ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಬೇಡ, ಅದರ ಸಕ್ಕರೆಯೇ ಭೇದಿ ಹೆಚ್ಚಿಸುತ್ತದೆ. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಮಟ್ಟವಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 2 ಕಿಲೋ ಮರಿಗೆ ಮೂರು ಗಂಟೆಗೊಮ್ಮೆ 50ರಿಂದ 60 ಮಿಲಿ, ಬೆಚ್ಚಗೆ, ಅದೇ ಬಾಟಲಿಯಲ್ಲಿ. ರಾತ್ರಿಯೂ ಬಿಡುವ ಹಾಗಿಲ್ಲ.

ಹಾಲನ್ನು ದಿನಗಟ್ಟಲೆ ನಿಲ್ಲಿಸಬೇಡಿ. ಭೇದಿಯಾದ ಮರಿಯನ್ನು ಉಪವಾಸ ಕೆಡವುವುದು ಹಳೆಯ ರೂಢಿ. ಎಳೆ ಮರಿಯ ಮೈಯಲ್ಲಿ ಅಷ್ಟು ದಿನ ತಾಳುವ ಕೊಬ್ಬೇ ಇರುವುದಿಲ್ಲ. ಮಾರನೆಯ ದಿನದಿಂದ ಹಾಲನ್ನು ಅರ್ಧ ಪ್ರಮಾಣಕ್ಕೆ, ನೀರು ಬೆರೆಸದೆ ಶುರು ಮಾಡಿ, ಎರಡು ಹಾಲಿನ ನಡುವೆ ಓಆರ್‌ಎಸ್ ಕೊಡಿ. ಎರಡನ್ನೂ ಒಂದೇ ಬಾಟಲಿಗೆ ಸುರಿಯಬೇಡಿ. ಬೆರೆತರೆ ಹಾಲು ಹೊಟ್ಟೆಯಲ್ಲಿ ಒಡೆಯುವುದಿಲ್ಲ. ಕನಿಷ್ಠ ಎರಡು ಗಂಟೆ ಅಂತರವಿರಲಿ. ಮಲ ಗಟ್ಟಿಯಾಗುತ್ತಾ ಬಂದಂತೆ ಎರಡು ಮೂರು ದಿನಗಳಲ್ಲಿ ಹಳೆಯ ಪ್ರಮಾಣಕ್ಕೆ ಏರಿಸಿ.

ಬಾಲದ ಕೆಳಗೆ ಅಂಟಿದ ಮಲವನ್ನು ಬೆಚ್ಚನೆಯ ನೀರಿನ ಹತ್ತಿಯಿಂದ ಒರೆಸಿ ಒಣಗಿಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ. ಬಿಟ್ಟರೆ ಚರ್ಮ ಬೇಯುತ್ತದೆ, ನೊಣ ಕೂರುತ್ತದೆ. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಮರಿಗಳ ಭೇದಿಯ ಕೆಲವು ರೋಗಾಣುಗಳು ಮನುಷ್ಯರಿಗೂ ಅಂಟುತ್ತವೆ. ಮಕ್ಕಳು ಮರಿಯ ಮೂತಿಗೆ ಮುತ್ತಿಡುವ ಆಟ ವಾಸಿಯಾಗುವವರೆಗೆ ನಿಲ್ಲಲಿ.

ಇನ್ನು ಔಷಧಿ. ಮನೆಯಲ್ಲಿ ಮಿಕ್ಕ ಮನುಷ್ಯರ ಭೇದಿ ಮಾತ್ರೆ ಹಾಕಬೇಡಿ. ಕರುಳಿನ ಚಲನೆ ನಿಂತು ವಿಷ ಒಳಗೇ ಉಳಿಯುತ್ತದೆ. ಹರಳೆಣ್ಣೆಯಂತೂ ಸ್ವತಃ ಭೇದಿ ಮಾಡಿಸಲು ಕೊಡುವ ಔಷಧಿ. ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಮಲ ಕಟ್ಟುವ ಒಗರು ಇದೆ, ಒಂದೆರಡು ಚಮಚ ನೆಕ್ಕಿಸಿದರೆ ನನ್ನ ತಕರಾರಿಲ್ಲ. ಆದರೆ ಕಷಾಯ ಕೊಟ್ಟಾಯಿತೆಂದು ಓಆರ್‌ಎಸ್ ಮರೆಯುವವರನ್ನು ಕಂಡರೆ ಸಿಟ್ಟು ಬರುತ್ತದೆ. ಆ್ಯಂಟಿಬಯೋಟಿಕ್ ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳಲಿ. ಹಾಲು ಹೆಚ್ಚಾಗಿ ಆದ ಭೇದಿಗೆ ಅದರಿಂದ ಏನೂ ಉಪಯೋಗವಿಲ್ಲ. ಕಾಕ್ಸಿಡಿಯಾಕ್ಕೆ ಬೇಕಾದ ಔಷಧಿಯೇ ಬೇರೆ.

ಒಂದು ದಿನದಲ್ಲಿ ಹಿಡಿತಕ್ಕೆ ಬಾರದ ಭೇದಿ, ರಕ್ತ, ಜ್ವರ, ಹಲ್ಲು ಕಡಿಯುವುದು, ಏಳಲಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹಳ್ಳಿಗಳ ಕಡೆ ಇರುವವರು 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು. ಹೋಗುವಾಗ ಆಗತಾನೇ ಹಾಕಿದ ಮಲವನ್ನು ಸಣ್ಣ ಶುಚಿಯಾದ ಡಬ್ಬಿಯಲ್ಲಿ ಹಿಡಿದು ಮುಚ್ಚಿಕೊಂಡು ಹೋಗಿ. ನೆಲದಿಂದ ಬಳಿದದ್ದೋ ನಿನ್ನೆಯದೋ ಪರೀಕ್ಷೆಗೆ ಬರುವುದಿಲ್ಲ.

ಹೊಟ್ಟೆ ಉಬ್ಬರ

ಭೇದಿ ಸ್ವಲ್ಪವಾದರೂ ಅವಕಾಶ ಕೊಡುತ್ತದೆ, ಉಬ್ಬರ ಕೊಡುವುದಿಲ್ಲ. ಎಡ ಪಕ್ಕೆಯ ಮೇಲ್ಭಾಗ, ಕೊನೆಯ ಪಕ್ಕೆಲುಬಿನ ಹಿಂದಿನ ಗುಳಿ ಉಬ್ಬಿ, ತಟ್ಟಿದರೆ ತಮಟೆಯ ಸದ್ದು ಬಂದರೆ ಮೊದಲ ಕೋಣೆಯಲ್ಲಿ ಗಾಳಿ ತುಂಬಿದೆ. ಹಾಲು ಕುಡಿದ ಒಂದೆರಡು ಗಂಟೆಯಲ್ಲಿ ಹೊಟ್ಟೆಯ ಕೆಳಭಾಗ ಎರಡೂ ಕಡೆ ಬಿಗಿದು, ಮೆಲ್ಲಗೆ ಅಲುಗಿಸಿದರೆ ಒಳಗೆ ನೀರು ತುಳುಕುವ ಸದ್ದು ಕೇಳಿದರೆ ಅದು ನಾಲ್ಕನೆಯ ಕೋಣೆಯ ಉಬ್ಬರ. ಎರಡನೆಯದು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ.

ಎರಡರಲ್ಲೂ ಹಾಲು ತಕ್ಷಣ ನಿಲ್ಲಿಸಿ, ವೈದ್ಯರಿಗೆ ಫೋನ್ ಮಾಡಿ. ಅವರು ಸಿಗುವವರೆಗೆ ಮರಿಯ ಮುಂಗಾಲನ್ನು ಒಂದು ಮೆಟ್ಟಿಲಿನ ಮೇಲೆ ಇರಿಸಿ ಮುಂಭಾಗ ಎತ್ತರ ಮಾಡಿ, ಎಡ ಪಕ್ಕೆಯನ್ನು ಅಂಗೈಯಿಂದ ವೃತ್ತಾಕಾರವಾಗಿ ನೀವುತ್ತಿರಿ. ತೇಗು ಬಂದರೆ ಅರ್ಧ ಗೆದ್ದಂತೆ. ಸ್ವಲ್ಪ ನಡೆದಾಡಿಸಿ. ಮಲಗಲು, ಅದರಲ್ಲೂ ಪಕ್ಕಕ್ಕೆ ಒರಗಲು ಬಿಡಬೇಡಿ. ಸೋಡಾ ಕುಡಿಸುವುದು, ಸೂಜಿ ಚುಚ್ಚಿ ಗಾಳಿ ಬಿಡುವುದು ಬೇಡವೇ ಬೇಡ. ಚುಚ್ಚಿದ ತೂತಿನಿಂದ ಒಳಗಿನದು ಹೊಟ್ಟೆಯ ಪೊರೆಗೆ ಸೋರಿದರೆ ಮರಿ ಬೇರೆ ರೋಗದಿಂದ ಸಾಯುತ್ತದೆ.

ಮಲ ಕಟ್ಟುವುದು ಇದಕ್ಕೆ ಹೋಲಿಸಿದರೆ ಸಣ್ಣ ವಿಷಯ. ಮೊದಲ ವಾರದಲ್ಲಿ ಹಳದಿ ಮಲ ಒಣಗಿ ಬಾಲದ ಬುಡಕ್ಕೆ ಬಿರಡೆಯಂತೆ ಅಂಟಿಕೊಂಡು ದಾರಿಯನ್ನೇ ಮುಚ್ಚುತ್ತದೆ. ತಾಯಿಯಿದ್ದರೆ ನೆಕ್ಕಿ ತೆಗೆಯುತ್ತಿತ್ತು. ಬೆಚ್ಚನೆಯ ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿ. ಒಣಗಿದ್ದನ್ನು ಕಿತ್ತರೆ ಚರ್ಮವೂ ಬರುತ್ತದೆ. ಹುಟ್ಟಿದ ಒಂದು ದಿನ ಕಳೆದರೂ ಕಪ್ಪು ಮಲ ಬಂದೇ ಇಲ್ಲವೆಂದರೆ ಗುದದ್ವಾರವೇ ಇಲ್ಲದೆ ಹುಟ್ಟಿರಬಹುದು, ಬಾಲ ಎತ್ತಿ ನೋಡಿ.

ಹಾಲಿನಿಂದ ಸೊಪ್ಪಿಗೆ

ಎರಡನೆಯ ವಾರದಿಂದ ಮರಿಯ ಮುಂದೆ ಎಳೆಯ ಹಲಸಿನ ಸೊಪ್ಪನ್ನೋ ಅಗಸೆ ಸೊಪ್ಪನ್ನೋ ಮೂತಿಯ ಎತ್ತರಕ್ಕೆ ಕಟ್ಟಿ ತೂಗುಬಿಡಿ. ನೆಲದ ಮೇಲೆ ಹಾಕಿದರೆ ಹಿಕ್ಕೆ ತುಳಿದ ಸೊಪ್ಪನ್ನೇ ತಿನ್ನುತ್ತದೆ. ಪಕ್ಕದಲ್ಲಿ ಒಣ ಹುಲ್ಲು, ಶುದ್ಧ ನೀರು ಇರಲಿ. ಮೊದಲು ಆಟಕ್ಕೆ ಕಡಿಯುತ್ತದೆ. ಕಡಿಯುತ್ತಾ ಕಡಿಯುತ್ತಾ ನಿದ್ದೆಯಲ್ಲಿದ್ದ ಮೊದಲ ಕೋಣೆ ಎಚ್ಚರಾಗುತ್ತದೆ. ಮೆಲುಕು ಹಾಕುವುದು ಕಂಡು, ಸೊಪ್ಪು ಚೆನ್ನಾಗಿ ತಿನ್ನುತ್ತಿದ್ದರೆ ಎರಡೂವರೆ, ಮೂರು ತಿಂಗಳಿಗೆ ಬಾಟಲಿ ಬಿಡಿಸಬಹುದು, ದಿನಕ್ಕೊಂದು ಹೊತ್ತಿನಂತೆ ಇಳಿಸುತ್ತಾ.

ನಗರದಲ್ಲಿ ಮರಿ ಸಾಕುವವರ ದೊಡ್ಡ ಶತ್ರು ಬಿಸ್ಕತ್ತು. ಬಂದ ನೆಂಟರೆಲ್ಲ ಒಂದೊಂದು ಕೊಡುತ್ತಾರೆ. ಅನ್ನ, ಚಪಾತಿ, ಬ್ರೆಡ್, ಹಬ್ಬದ ದಿನ ಮಿಕ್ಕ ಹೋಳಿಗೆ, ಎಲ್ಲವೂ ಹೊಟ್ಟೆಯಲ್ಲಿ ಹುಳಿಯಾಗಿ ಆಮ್ಲ ಏರಿಸುತ್ತವೆ. ರಸ್ತೆ ವಿಭಜಕಗಳಲ್ಲಿ ಸಾಲಾಗಿ ಬೆಳೆಸಿರುವ ಕಣಗಿಲೆ ಪ್ರಾಣವನ್ನೇ ತೆಗೆಯುವ ವಿಷ, ನಾಲ್ಕು ಎಲೆಯೂ ಎಳೆ ಮರಿಗೆ ಹೆಚ್ಚು. ಖಾಲಿ ಸೈಟಿನಲ್ಲಿ ಬಿಟ್ಟು ಮೇಯಿಸುವವರು ಲಂಟಾನ, ಹರಳು ಗಿಡ, ಪ್ಲಾಸ್ಟಿಕ್ ಚೀಲ ಇಲ್ಲದಿರುವುದನ್ನು ಮೊದಲು ನೋಡಿಕೊಳ್ಳಿ.

ಸಿಕ್ಕಿದ್ದು ಜಿಂಕೆ ಮರಿಯಾದರೆ

ಬನ್ನೇರುಘಟ್ಟ ಕಾಡಿನ ಅಂಚಿನ ಊರು, ಬಡಾವಣೆಗಳಲ್ಲಿ ಪೊದೆಯ ಬುಡದಲ್ಲಿ ಒಂಟಿಯಾಗಿ ಮುದುಡಿ ಕೂತ ಚುಕ್ಕೆ ಜಿಂಕೆ ಮರಿ ಕಂಡರೆ ತಾಯಿ ಬಿಟ್ಟುಹೋಗಿದೆಯೆಂದು ಎತ್ತಿಕೊಳ್ಳಬೇಡಿ. ತಾಯಿಯೇ ಅದನ್ನು ಅಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಜನ ಸುತ್ತ ನಿಂತಿರುವಷ್ಟು ಹೊತ್ತು ಹತ್ತಿರ ಸುಳಿಯುವುದಿಲ್ಲ. ದೂರ ಸರಿದು ನಿಲ್ಲಿ, ನಾಯಿಗಳನ್ನು ಓಡಿಸಿ. ಗಾಯವಾಗಿದ್ದರೆ, ಮೈ ಮೇಲೆ ನೊಣ ಮುತ್ತಿದ್ದರೆ, ಪಕ್ಕದಲ್ಲೇ ತಾಯಿ ಸತ್ತು ಬಿದ್ದಿದ್ದರೆ ಮಾತ್ರ ಅದಕ್ಕೆ ನೆರವು ಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಮನೆಯಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವನ್ಯಪ್ರಾಣಿ ಹೇಗೇ ಕೈಗೆ ಬಂದಿದ್ದರೂ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಕಾನೂನು ಹಾಗಿರಲಿ, ಮರಿಯ ಹೊಟ್ಟೆಯ ದೃಷ್ಟಿಯಿಂದ 48 ಗಂಟೆಯೂ ಬಹಳ ತಡ. ಜಿಂಕೆಯ ಹಾಲು ಹಸುವಿನ ಹಾಲಿಗಿಂತ ತೀರ ಗಟ್ಟಿ, ಕೊಬ್ಬು ಮತ್ತು ಪ್ರೋಟೀನ್ ಎರಡೂ ಹೆಚ್ಚು. ಪೊಟ್ಟಣದ ಹಾಲು ಅದರ ಹೊಟ್ಟೆಗೆ ಹೊಂದದೆ ಭೇದಿ ಹತ್ತಿಸುತ್ತದೆ. ಎಳೆಯ ಜಿಂಕೆ ಮರಿ ತಾಯಿ ಬಾಲದ ಕೆಳಗೆ ನೆಕ್ಕಿದಾಗಲೇ ಮಲಮೂತ್ರ ಬಿಡುವುದು. ವನ್ಯಪ್ರಾಣಿ ಪಾಲನಾ ಕೇಂದ್ರಗಳಲ್ಲಿ ಸಾಕುವ ಸಿಬ್ಬಂದಿ ಪ್ರತಿ ಸಲ ಹಾಲಿನ ಹೊತ್ತಿಗೆ ಒದ್ದೆ ಹತ್ತಿಯಿಂದ ಒರೆಸಿ ಆ ಕೆಲಸ ಮಾಡುತ್ತಾರೆ. ಇದು ಗೊತ್ತಿಲ್ಲದ ಮನೆಯಲ್ಲಿ ಮರಿ ಚೆನ್ನಾಗಿ ಕುಡಿಯುತ್ತಲೇ ಇದ್ದು, ಮಲ ಕಟ್ಟಿ ಉಬ್ಬಿ ಸಾಯುತ್ತದೆ. ಮೇಲಾಗಿ ಅದು ಹೆದರಿಕೆಯ ಪ್ರಾಣಿ. ಮೈ ಸವರುವುದು, ಫೋಟೋ ತೆಗೆಯುವುದು ನಮಗೆ ಮುದ್ದು, ಅದಕ್ಕೆ ಬೇಟೆ.

ಇಲಾಖೆಯವರು ಬರುವವರೆಗೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ಮೇಲೆ ತೆಳು ಬಟ್ಟೆ ಮುಚ್ಚಿ, ಮಾತುಕತೆಯಿಲ್ಲದ ಕತ್ತಲೆ ಕೋಣೆಯಲ್ಲಿ ಇಡಿ. ಹಾಲು ಬೇಡ, ನೀರನ್ನೂ ಬಾಯಿಗೆ ಸುರಿಯಬೇಡಿ. ಅಷ್ಟರಲ್ಲಾಗಲೇ ಯಾರಾದರೂ ಏನಾದರೂ ಕುಡಿಸಿಬಿಟ್ಟಿದ್ದರೆ ಮುಚ್ಚಿಡಬೇಡಿ. ಮರಿ ಸಿಕ್ಕಿದ ಜಾಗ, ಸಿಕ್ಕಿದ ಹೊತ್ತು, ಕುಡಿಸಿದ್ದು ಯಾವ ಹಾಲು, ಎಷ್ಟು, ಎಷ್ಟು ಗಂಟೆಗೆ, ಮಲ ಹಾಕಿತೇ ಇಲ್ಲವೇ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ ಕೊಡಿ. ಅಲ್ಲಿನ ವೈದ್ಯರು ಮೊದಲು ಕೇಳುವುದು ಇದನ್ನೇ.